ಊಹಾಪೋಹ ಅಂದರೆ ಗಾಳಿಸುದ್ದಿಯೇ? ಬಲ್ಲವರು ದಯವಿಟ್ಟು ಹೇಳಿ

ಕರಡುತಿದ್ದು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಪುಟ ನೋಡುವವಳು. 'ಊಹಾಪೋಹ' ಎಂಬ ಮಾತು ದಿನಕ್ಕೆ ಮೂರ್ನಾಲ್ಕು ಸಲವಾದರೂ ಕಣ್ಣಿಗೆ ಬೀಳುತ್ತದೆ. 'ಸಂಪುಟ ಪುನರ್‌ರಚನೆ: ಊಹಾಪೋಹಗಳಿಗೆ ತೆರೆ', 'ಊಹಾಪೋಹಗಳಿಗೆ ಕಿವಿಗೊಡಬೇಡಿ: ಪೊಲೀಸರ ಮನವಿ', ಹೀಗೆ. ಜಾಗ ಸಾಲದಿದ್ದರೆ ಅದನ್ನು ತೆಗೆದು 'ವದಂತಿ' ಹಾಕುತ್ತೇನೆ, ಒಂದಕ್ಷರ ಉಳಿಯುತ್ತದೆ. ಎರಡೂ ಒಂದೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ಹೋದ ವಾರ ಓದುಗರೊಬ್ಬರ ಕಾಗದ ಬಂತು. ನೀಲಿ ಇನ್‌ಲ್ಯಾಂಡ್ ಲೆಟರು, ಮುತ್ತು ಪೋಣಿಸಿದಂಥ ಅಕ್ಷರ. ಊಹಾಪೋಹ ಎನ್ನುವುದು ಬುದ್ಧಿವಂತರ ಗುಣ, ಅದನ್ನು ಸುಳ್ಳುಸುದ್ದಿಯ ಜೊತೆ ಕಟ್ಟಿ ಹಾಕಿದ್ದೀರಿ ಎಂದು ನೊಂದುಕೊಂಡು ಬರೆದಿದ್ದರು. ಡೆಸ್ಕಿನಲ್ಲಿ ಓದಿ ಹೇಳಿದೆ. ಅರ್ಧ ಜನ 'ಹೌದಾ?' ಅಂದರು, ಉಳಿದವರು 'ಈಗ ಯಾರು ಹಾಗೆ ಬಳಸ್ತಾರೆ?' ಅಂದರು. ನನಗೆ ಆ ಕಾಗದವನ್ನು ಹಾಗೇ ಡ್ರಾಯರಿಗೆ ಹಾಕಲು ಮನಸ್ಸು ಬರಲಿಲ್ಲ.

ಎರಡು ಪ್ರಶ್ನೆ. ಈ ಪದದ ಹಳೆಯ ಅರ್ಥ ಏನು? ಮತ್ತೆ, ಆಧಾರ ಇಲ್ಲದ ಊಹೆಗೆ ನಿಮ್ಮ ನಿಮ್ಮ ಮನೆಗಳಲ್ಲಿ ಏನಂತೀರಿ?

ಹಳೆಪಾಠಶಾಲೆ, ಮೈಸೂರು

ಕಾಗದ ಬರೆದವರು ನಾನಲ್ಲಮ್ಮ, ಆದರೆ ಬರೆದಿದ್ದರೆ ಇದನ್ನೇ ಬರೆಯುತ್ತಿದ್ದೆ. ಮೂವತ್ತೊಂದು ವರ್ಷ ಸಂಸ್ಕೃತ ಪಾಠ ಹೇಳಿದವನು.

ಊಹ, ಅಪೋಹ. ಎರಡು ಪದ ಸವರ್ಣದೀರ್ಘಸಂಧಿಯಾಗಿ ಒಂದಾಗಿವೆ. ಕಾರಣ ಹಿಡಿದು 'ಹೀಗಿರಬಹುದು' ಎಂದು ಮುಂದಿಡುವುದು ಊಹ. ಕಾರಣ ಹಿಡಿದೇ 'ಹಾಗಾಗಲಾರದು' ಎಂದು ತಳ್ಳಿಹಾಕುವುದು ಅಪೋಹ. ಭತ್ತ ಕೇರುವವಳು ಮೊರವನ್ನು ಮೇಲೆತ್ತುತ್ತಾಳೆ, ಜೊಳ್ಳನ್ನು ಹಾರಿಸುತ್ತಾಳೆ. ಎರಡೂ ಸೇರಿದರೇ ಕೇರುವ ಕೆಲಸ.

ಕೌಟಿಲ್ಯ ರಾಜನಿಗಿರಬೇಕಾದ ಪ್ರಜ್ಞಾಗುಣಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ: ಶುಶ್ರೂಷೆ, ಶ್ರವಣ, ಗ್ರಹಣ, ಧಾರಣ, ವಿಜ್ಞಾನ, ಊಹಾಪೋಹ, ತತ್ತ್ವಾಭಿನಿವೇಶ. ಕೇಳುವ ಇಚ್ಛೆಯಿಂದ ಹೊರಟು ಸತ್ಯದಲ್ಲಿ ನೆಲೆ ನಿಲ್ಲುವವರೆಗಿನ ದಾರಿ ಅದು, ಊಹಾಪೋಹ ಆ ದಾರಿಯ ಕೊನೆಯ ಮೆಟ್ಟಿಲಿಗೆ ಒಂದು ಮೆಟ್ಟಿಲು ಕೆಳಗಿದೆ. ಈ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನನಗೆ ಈ ಸೂತ್ರ ನೆನಪಾಗುತ್ತದೆ.

ಸಂಸ್ಕೃತದ ಹಳೆಯ ನಿಘಂಟು ಅಮರಕೋಶ 'ಅಧ್ಯಾಹಾರಸ್ತರ್ಕ ಊಹಃ' ಅನ್ನುತ್ತದೆ. ಊಹ, ತರ್ಕ ಒಂದು ಗುಂಪು. ಸಂದೇಹ, ಸಂಶಯ ಬೇರೆ ಗುಂಪು. ತರ್ಕಶಾಸ್ತ್ರದ ಮೂಲಗ್ರಂಥ ನ್ಯಾಯಸೂತ್ರವೂ ಅಷ್ಟೆ. ಗೊತ್ತಿಲ್ಲದ ವಿಷಯದ ತತ್ತ್ವವನ್ನು ತಿಳಿಯುವುದಕ್ಕಾಗಿ, ಕಾರಣಗಳ ಬಲದಿಂದ ಮಾಡುವ ಊಹವೇ ತರ್ಕ ಎಂದು ಲಕ್ಷಣ ಹೇಳುತ್ತದೆ.

ಯಾಗದ ವಿಧಿಗಳನ್ನು ವಿಚಾರ ಮಾಡುವ ಮೀಮಾಂಸಕರಿಗೆ ಊಹ ಎಂದರೆ ಮತ್ತೂ ಖಚಿತವಾದ ಕೆಲಸ. ಮೂಲ ಯಾಗದಲ್ಲಿ 'ಅಗ್ನಯೇ ಜುಷ್ಟಂ ನಿರ್ವಪಾಮಿ' ಎಂದಿದ್ದರೆ, ಸೂರ್ಯನಿಗೆ ಚರು (ಬೇಯಿಸಿದ ಅನ್ನದ ಹವಿಸ್ಸು) ಕೊಡುವಾಗ 'ಸೂರ್ಯಾಯ' ಎಂದು ಬದಲಿಸಿಕೊಳ್ಳಬೇಕು. ವಿಭಕ್ತಿ ತಪ್ಪಿದರೆ ಮಂತ್ರವೇ ಕೆಟ್ಟಿತು. ವ್ಯಾಕರಣ ಯಾಕೆ ಓದಬೇಕು ಎಂಬುದಕ್ಕೆ ಪತಂಜಲಿ ಕೊಡುವ ಐದು ಪ್ರಯೋಜನಗಳಲ್ಲಿ ಈ ಊಹವೂ ಒಂದು. ಅಂದರೆ ಊಹಿಸಲು ಅರ್ಹತೆ ಬೇಕಿತ್ತು, ಯಾರು ಬೇಕಾದರೂ ಊಹಿಸುವ ಹಾಗಿರಲಿಲ್ಲ.

ಗಡಿಸೀಮೆ, ಬೆಳಗಾವಿ

ಮೇಷ್ಟ್ರು ಹೇಳಿದ ಅರ್ಥ ಸತ್ತಿಲ್ಲ, ನಮ್ಮೂರಲ್ಲಿ ದಿನಾ ಬೆಳಿಗ್ಗೆ ಮನೆಗೆ ಬರುತ್ತದೆ! ನಮ್ಮ ಮನೆಗೆ ಕನ್ನಡ ಪೇಪರೂ ಮರಾಠಿ ಪೇಪರೂ ಎರಡೂ ಬರುತ್ತವೆ. ಮರಾಠಿಯಲ್ಲಿ 'ಊಹಾಪೋಹ ಕರಣೆ' ಅಂದರೆ ಸಾಧಕ ಬಾಧಕ ಎರಡನ್ನೂ ಎತ್ತಿ ಕೂಲಂಕಷವಾಗಿ ಚರ್ಚೆ ಮಾಡುವುದು. ಹಾಗಾಗಿ ಒಂದೇ ಟೇಬಲ್ಲಿನ ಮೇಲೆ ಒಂದು ಪೇಪರಿನಲ್ಲಿ ತಜ್ಞರು ಊಹಾಪೋಹ ಮಾಡುತ್ತಾರೆ, ಇನ್ನೊಂದರಲ್ಲಿ ಊಹಾಪೋಹ ನಂಬಬೇಡಿ ಅಂತ ಇರುತ್ತದೆ. ಚಿಕ್ಕವಳಿದ್ದಾಗ ಇದು ನನಗೆ ಬಿಡಿಸಲಾಗದ ಒಗಟಾಗಿತ್ತು.

ಹಿಂದಿಗೆ ಹೋದರೆ ಅದೇ ಪದ ಮನಸ್ಸಿನ ಡೋಲಾಯಮಾನ, ಮಾಡಲೋ ಬಿಡಲೋ ಎಂಬ ಒದ್ದಾಟ. ಮಲಯಾಳದಲ್ಲಿ ನಮ್ಮ ಹಾಗೆಯೇ ಆಧಾರವಿಲ್ಲದ ಮಾತು. ತೆಲುಗಿನವರು 'ಊಹಾಗಾನ' ಅಂತ ಬೇರೆ ಪದ ಕಟ್ಟಿಕೊಂಡಿದ್ದಾರೆ.

ನೇರನುಡಿ, ದಾವಣಗೆರೆ

ಎಲ್ಲಾ ಸರಿ, ಮೇಷ್ಟ್ರೇ, ಆದರೆ ನಾಳೆ ಪೇಪರಿನಲ್ಲಿ 'ಸಚಿವರು ಊಹಾಪೋಹ ನಡೆಸಿದರು' ಅಂತ ಬಂದರೆ ನಮ್ಮಪ್ಪನಂಥ ಓದುಗರು ಏನು ತಿಳಿಯಬೇಕು? ಪದದ ಅರ್ಥವನ್ನು ಆಡುವ ಜನ ತೀರ್ಮಾನ ಮಾಡುತ್ತಾರೆ. 'ಅನುಮಾನ' ನೋಡಿ. ಶಾಸ್ತ್ರದಲ್ಲಿ ಅದು ಪ್ರಮಾಣ. ಬೆಟ್ಟದಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಅನ್ನುವ ಗಟ್ಟಿ ತಿಳಿವಳಿಕೆ. ನಮ್ಮಲ್ಲಿ ಅನುಮಾನ ಅಂದರೆ ಶಂಕೆ. 'ಅವನ ಮೇಲೆ ಅನುಮಾನ' ಅಂದರೆ ಯಾರಿಗೂ ತರ್ಕಶಾಸ್ತ್ರ ನೆನಪಾಗುವುದಿಲ್ಲ. ಅದನ್ನು ವಾಪಸ್ ತರುತ್ತೀರಾ? ಊಹಾಪೋಹವನ್ನೂ ಹಾಗೇ ಬಿಡಿ.

ಹಳೆಪಾಠಶಾಲೆ, ಮೈಸೂರು

ವಾಪಸ್ ತರುವುದು ನನ್ನ ಕೈಲಿಲ್ಲ ಮಗು, ಅದು ಗೊತ್ತು. ಆದರೆ ನೀನು ಕೊಟ್ಟ ಉದಾಹರಣೆಯೇ ನನ್ನ ಸಂಕಟ. ಊಹ, ಅನುಮಾನ, ಎರಡೂ ತಿಳಿವಳಿಕೆಯ ಕಡೆಗೆ ಹೋಗುವ ಪದಗಳು. ಎರಡೂ ನಮ್ಮ ಬಾಯಲ್ಲಿ ಶಂಕೆಯ ಕಡೆಗೆ ಜಾರಿವೆ. ಆಧಾರ ಹಿಡಿದು ಊಹಿಸಿ, ಆಮೇಲೆ ಪರೀಕ್ಷೆ ಮಾಡುವ ಕೆಲಸಕ್ಕೆ ಇವತ್ತು ದಿನಬಳಕೆಯ ಒಂದು ಕನ್ನಡ ಪದ ಹೇಳು ನೋಡೋಣ.

ಪೇಡೆನಗರಿ, ಧಾರವಾಡ (ಈಗ ಮೈಸೂರಾಗ)

ಪದ ಇಲ್ಲ ಅನ್ನಬ್ಯಾಡ್ರಿ ಸರ್. ನಮ್ಮ ಕಡೆ ಯಾರೂ ಮನ್ಯಾಗ ಊಹಾಪೋಹ ಅನ್ನಂಗಿಲ್ಲ. ಆ ಕೆಲಸಾನ ಕ್ರಿಯಾಪದಾನ ಮಾಡ್ತದ. ಬಂದ ಅಂದ್ರ ಕಂಡೇನಿ. ಬಂದಿರಬೇಕು ಅಂದ್ರ ಚಪ್ಪಲಿ ಕಂಡಾವ, ಮನಶ್ಯಾ ಕಂಡಿಲ್ಲ. ಬಂದಿರಬಹುದು ಅಂದ್ರ ಚಪ್ಪಲೀನೂ ಕಂಡಿಲ್ಲ. ಬಂದಾನಂತ ಅಂದ್ರ ಯಾರೋ ಹೇಳ್ಯಾರ. ಬಂದಾನೋ ಏನೋ ಅಂದ್ರ ನನಗ ಸಂಬಂಧಿಲ್ಲ. ಇಷ್ಟು ಸಣ್ಣ ಸಣ್ಣ ಮೆಟ್ಟಲಾ ಇರೋ ಭಾಷಾದಾಗ ಊಹೆಗೆ ಪದ ಇಲ್ಲ ಅಂತ ಹೆಂಗ ಅನ್ನೋದು?

ಆದ್ರ ಈ ಮೆಟ್ಟಲಾ ಊರಿಂದ ಊರಿಗೆ ಬದಲಾಗ್ತಾವ, ಅದನ್ನ ಅನುಭವಿಸಿದಾಕಿ ನಾನು. ಲಗ್ನಾದ ಹೊಸತು. ನಮ್ಮ ಅಪ್ಪ ಹೇಳದ ಕೇಳದ ಧಾರವಾಡದಿಂದ ಬಂದ್ರು. ಇವರ ಆಫೀಸಿಗೆ ಫೋನ್ ಮಾಡಿ 'ಅಪ್ಪಾರು ಬಂದಾರ್ರಿ' ಅಂದೆ. ನಮ್ಮಲ್ಲೆ ಬಂದಾರ ಅಂದ್ರ ಬಂದಿದ್ದಾರೆ. ಇವರು ಮೈಸೂರಿನವರು, ಶಾಲ್ಯಾಗ ಸಂಭಾವನಾರ್ಥಕ ಕಲ್ತವರು: ಬಂದಾನು, ಬಂದಾಳು, ಬಂದಾರು. 'ಬಂದರೂ ಬರಬಹುದು' ಅಂತ ತಿಳ್ಕೊಂಡು ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕ ಬಂದ್ರು. ಅಳಿಯಾ ಬರ್ಲಿ ಅಂತ ಅಪ್ಪ ಊಟ ಮಾಡದ ಕೂತಿದ್ರು. ಒಂದು ಸ್ವರದ ಅಂತರ ನೋಡ್ರಿ, ಒಂದು ಕಡೆ ಅದು ಕಂಡ ಮಾತು, ಇನ್ನೊಂದು ಕಡೆ ಬರೇ ಸಂಭವ.

ಗಡಿಸೀಮೆ, ಬೆಳಗಾವಿ

ಅಕ್ಕಾರ, ಚಪ್ಪಲಿ ಉದಾಹರಣೆ ನಮ್ಮ ಮಗಳಿಗೆ ಹೇಳಿಕೊಟ್ಟೆ. ಈಗ ಮನೆ ತುಂಬಾ 'ಬಂದಿರಬೇಕು', 'ಬಂದಿರಬಹುದು' ಆಟ ನಡೆದಿದೆ.

ಸಾಕ್ಷಿಕಟ್ಟೆ, ಹಾಸನ ಜಿಲ್ಲೆ

'ಇರಬೇಕು' ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಇಂಗ್ಲಿಷಿಗೆ ಹಾಕುವ ಕೆಲಸ ಮಾಡಿದ್ದೇನೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ಕೇಸು. ಸಾಕ್ಷಿಕಟ್ಟೆಯಲ್ಲಿ ನಿಂತ ಅಜ್ಜ 'ಅವನೇ ಇಟ್ಟಿರಬೇಕು ಸ್ವಾಮಿ' ಅಂದರು. ಅದನ್ನು ಇಂಗ್ಲಿಷಿನಲ್ಲಿ 'ಮಸ್ಟ್ ಹ್ಯಾವ್' ಅಂತ ಬರೆದೆ. ಓದಿದರೆ ಅವನೇ ಇಟ್ಟದ್ದು ನಿಶ್ಚಯ ಅನ್ನುವಷ್ಟು ಬಿಗಿ. ಜಡ್ಜ್ ಸಾಹೇಬರು ಕನ್ನಡದವರೇ, ತಲೆಯೆತ್ತಿ 'ನೋಡಿದ್ರಾ ಅಜ್ಜಾ?' ಅಂದರು. ಅಜ್ಜ ಗಾಬರಿಯಾಗಿ, 'ಇಲ್ಲ ಬುದ್ಧಿ, ನೋಡಿದ್ರೆ ಇಟ್ಟ ಅಂತಿದ್ದೆ. ಇಟ್ಟಿರಬೇಕು ಅಂದೆ' ಅಂದರು.

ಆ ಅಜ್ಜನಿಗೆ ಇದ್ದ ಎಚ್ಚರ ನನ್ನ ತರ್ಜುಮೆಯಲ್ಲಿ ಇರಲಿಲ್ಲ. 1973ರ ಶಿವಾಜಿ ಬೋಬಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 'ಇರಬಹುದು' ಎಂಬುದಕ್ಕೂ 'ಇರಲೇಬೇಕು' ಎಂಬುದಕ್ಕೂ ನಡುವೆ ಇರುವ ದೂರ ಬಹಳ ದೊಡ್ಡದು, ಅಸ್ಪಷ್ಟ ಊಹೆಯನ್ನು ನಿಶ್ಚಿತ ತೀರ್ಮಾನದಿಂದ ಬೇರೆ ಮಾಡುವುದೇ ಆ ದೂರ ಎಂಬರ್ಥದ ಮಾತು ಹೇಳಿದೆ. ಇದನ್ನು ಕನ್ನಡಕ್ಕೆ ತರುವಾಗ 'ಇರಬೇಕು' ಅಂತ ಬರೆದುಬಿಟ್ಟರೆ ತೀರ್ಪಿನ ಜೀವವೇ ಹೋಯಿತು, ಯಾಕೆಂದರೆ ನಮ್ಮ 'ಇರಬೇಕು' ಕೂಡ ಊಹೆಯ ದಡದಲ್ಲೇ ಇದೆ. ಆ 'ಲೇ' ಬೇಕೇ ಬೇಕು.

ಕೇಳಿದ ಮಾತಿನ ಬಗ್ಗೆಯೂ ಕಾನೂನು ಕಟ್ಟುನಿಟ್ಟು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಕಂಡವನೇ ಕಂಡದ್ದನ್ನು ಹೇಳಬೇಕು ಎಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದರೂ ಆ ನಿಯಮ ಉಳಿದಿದೆ. ನಮ್ಮ ಜನರ ಸಾಕ್ಷ್ಯದಲ್ಲಿ 'ಅಂತೆ' ಬಂದ ಕೂಡಲೇ ಎದುರು ವಕೀಲರು ಎದ್ದು ನಿಲ್ಲುತ್ತಾರೆ.

ಕೊನೆಗೌಡ, ಸಾಗರ

ನಮ್ಮ ಕಡೆ ಅಂದಾಜು ಅಂತೀವಿ. ಪಾರ್ಸಿಯಿಂದ ಬಂದ ಪದ ಅಂತಾರೆ, ಆದರೆ ಅಡಿಕೆ ತೋಟದಲ್ಲಿ ಅದು ನಮ್ಮದೇ. ನಾವು ಎರಡೆಕರೆ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡುವವರು. ಚೇಣಿದಾರ ಬಂದರೆ ಮಾತಾಡದೆ ತೋಟ ಸುತ್ತುತ್ತಾನೆ. ಕತ್ತೆತ್ತಿ ಗೊನೆ ಎಣಿಸುತ್ತಾನೆ, ಎಲ್ಲಾ ಮರ ಅಲ್ಲ, ಸಾಲಿಗೆ ನಾಲ್ಕೈದು. ಬುಡದಲ್ಲಿ ಉದುರಿದ ಕಾಯಿ ಎತ್ತಿ ತೊಟ್ಟು ತಿರುಗಿಸಿ ನೋಡುತ್ತಾನೆ, ಕೊಳೆ ಹತ್ತಿದೆಯಾ ಅಂತ. ಆಮೇಲೆ 'ಹದಿನೆಂಟು ಕ್ವಿಂಟಾಲ್ ಆದೀತು' ಅನ್ನುತ್ತಾನೆ. ಇದು ಕಣ್ಣಂದಾಜು. ಹದಿನಾರೇ ಆದರೆ ಎರಡು ಕ್ವಿಂಟಾಲಿನ ನಷ್ಟ ಅವನ ಕಿಸೆಯಿಂದ.

ಅದೇ ಊರಿನ ಪೇಟೆಯಲ್ಲಿ 'ರೇಟು ಇಳಿಯುತ್ತಂತೆ, ಹೊರದೇಶದ ಅಡಿಕೆ ಬಂದಿಳಿದಿದೆಯಂತೆ' ಅಂತ ಒಬ್ಬ ಹೇಳುತ್ತಾನೆ. ಅದನ್ನು ನಂಬಿ ನಮ್ಮ ಅಣ್ಣ ಒಂದು ವರ್ಷ ಮನೆಯಲ್ಲಿದ್ದ ಚಾಲಿ (ಒಣಗಿಸಿ ಸುಲಿದ ಅಡಿಕೆ) ಪೂರ್ತಿ ಮಾರಿದ. ಮುಂದಿನ ತಿಂಗಳು ರೇಟು ಏರಿತು. ಹೇಳಿದವನಿಗೆ ಕಳೆದುಹೋದದ್ದು ಏನೂ ಇಲ್ಲ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ, ತಪ್ಪಿದರೆ ಯಾರ ಕೈ ಸುಡುತ್ತದೆ ಅನ್ನುವುದು. ಆಡಿದವನದೇ ಸುಟ್ಟರೆ ಅಂದಾಜು. ಕೇಳಿದವನದು ಸುಟ್ಟರೆ ಗಾಳಿಮಾತು.

ಮೆಜೆಸ್ಟಿಕ್, ಬೆಂಗಳೂರು

ಕೊನೆಗೌಡರ ಮಾತು ಓದಿ ಕೈ ತಡೆಯಲಿಲ್ಲ. 2012ರ ಆಗಸ್ಟಿನಲ್ಲಿ ನಾನು ಬೆಂಗಳೂರು ಸಿಟಿ ರೈಲ್ವೆ ಸ್ಟೇಷನ್ನಿನ ಎದುರು ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಸಾವಿರಾರು ಜನ ಗುವಾಹಟಿ ರೈಲಿಗೆ ಬಂದು ನಿಂತರು. ಹಬ್ಬ ಮುಗಿಯುತ್ತಲೇ ಹೊಡೆಯುತ್ತಾರಂತೆ ಅಂತ ಅವರ ಮೊಬೈಲಿಗೆ ಮೆಸೇಜು. ಯಾರು ಹೊಡೆಯುತ್ತಾರೆ ಅಂದರೆ ಗೊತ್ತಿಲ್ಲ. ನಮ್ಮಂಗಡಿಗೆ ನೀರಿನ ಬಾಟಲಿಗೆ ಬಂದ ಹುಡುಗಿಗೆ 'ಯಾರಮ್ಮ ಹೇಳಿದ್ದು?' ಅಂತ ಕೇಳಿದೆ. ಫೋನ್ ತೋರಿಸಿದಳು. ಅದರಲ್ಲಿ ಕಳಿಸಿದವರ ಹೆಸರಿತ್ತು, ಹೇಳಿದವರ ಹೆಸರಿರಲಿಲ್ಲ. ಸರಕಾರ ವಿಶೇಷ ರೈಲು ಬಿಟ್ಟಿತು. ಒಟ್ಟಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸುವುದನ್ನು ಕೇಂದ್ರ ಸರಕಾರ 15 ದಿನ ತಡೆಯಿತು.

2018ರಲ್ಲಿ ಅದೇ 'ಅಂತೆ' ಮಕ್ಕಳ ಕಳ್ಳರ ರೂಪದಲ್ಲಿ ಬಂತು. ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯವನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆಮೇಲೆ ವಾಟ್ಸ್‌ಆ್ಯಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ಮಿತಿ ಹಾಕಿದರು. ಇದಕ್ಕೆ ದಯವಿಟ್ಟು 'ಊಹಾಪೋಹ' ಅನ್ನಬೇಡಿ. ಅಲ್ಲಿ ಯಾರೂ ಊಹೆ ಮಾಡಲಿಲ್ಲ. ಕೇಳಿದ್ದನ್ನು ನಂಬಿ ಕೈ ಎತ್ತಿದರು.

ನೇರನುಡಿ, ದಾವಣಗೆರೆ

ಇದನ್ನು ಒಪ್ಪುತ್ತೇನೆ. ಒಂದೇ ಎಂದು ನಾನು ಅಂದುಕೊಂಡಿದ್ದು ತಪ್ಪು. ವದಂತಿಯಲ್ಲಿ ಉತ್ತರ ಆಗಲೇ ಇದೆ, 'ಹೀಗಾಗಿದೆ' ಅಂತ. ಊಹಾಪೋಹ ನಡೆಯುವಾಗ ಉತ್ತರ ಇನ್ನೂ ಇಲ್ಲ, ಟಿಕೆಟ್ ಇವರಿಗೋ ಅವರಿಗೋ ಅಂತ ನಾಲ್ಕು ದಿಕ್ಕಿನಲ್ಲಿ ಮಾತು. ಈಗಿನ ಬಳಕೆಯಲ್ಲೂ ಆ ಹಳೆ ಪದದ ವಾಸನೆ ಅಷ್ಟು ಉಳಿದಿದೆ ಅನ್ನಿ. 'ಗುಮಾನಿ' ಇನ್ನೂ ಬೇರೆ, ಅದು ಒಬ್ಬ ಮನುಷ್ಯನ ಮೇಲೆ ಬೊಟ್ಟು ಮಾಡುತ್ತದೆ.

ಹಳೆಪಾಠಶಾಲೆ, ಮೈಸೂರು

ವದಂತಿಯ ಹುಟ್ಟನ್ನೂ ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ 'ವದಂತಿ' ಅಂದರೆ 'ಹೇಳುತ್ತಾರೆ', ಬಹುವಚನದ ಕ್ರಿಯಾಪದ, ಅಷ್ಟೆ. 'ಕಿಂವದಂತೀ ಜನಶ್ರುತಿಃ' ಎಂದು ಅಮರಕೋಶ, ಜನರ ಬಾಯಿಂದ ಕೇಳಿದ ಮಾತು ಎಂದರ್ಥ. ನಮ್ಮ 'ಅಂತೆ' ಮಾಡುವ ಕೆಲಸವೂ ಅದೇ. ಹೇಳುವವರು ಇದ್ದಾರೆ, ಅವರ ಮುಖ ಇಲ್ಲ.

ಕರಡುತಿದ್ದು, ಬೆಂಗಳೂರು

ಎಲ್ಲವನ್ನೂ ಎರಡೆರಡು ಸಲ ಓದಿದೆ. ನಾನು ಈ ಪದದ ಬೆನ್ನು ಬಿದ್ದದ್ದಕ್ಕೆ ಕಾಗದ ಒಂದೇ ಕಾರಣವಲ್ಲ.

ನಮ್ಮಪ್ಪ ಒಂದು ಸಣ್ಣ ಊರಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್ ಆಗಿದ್ದರು. 1991ರ ಮಾರ್ಚ್ ಲೆಕ್ಕ ಮುಗಿಸುವಾಗ 4,500 ರೂಪಾಯಿ ಕಡಿಮೆ ಬಂತು. ಆಗ ಅದು ಅವರ ಎರಡೂವರೆ ತಿಂಗಳ ಸಂಬಳ. ನಾನು ಏಳನೇ ಕ್ಲಾಸು. ಅಕ್ಕನ ಮದುವೆ ಮೇ ತಿಂಗಳಿಗೆ ಗೊತ್ತಾಗಿತ್ತು. 'ಮದುವೆಗೆ ತಗೊಂಡಿರಬೇಕು' ಅಂತ ಊರಲ್ಲಿ ಮಾತಾಯಿತು. ಯಾರೂ 'ತಗೊಂಡ' ಅನ್ನಲಿಲ್ಲ, ಎಲ್ಲರೂ 'ತಗೊಂಡಿರಬೇಕು' ಅಂದರು. ಅಂಗಡಿಗೆ ಹಾಲು ತರಲು ಹೋದ ನನ್ನ ಕಿವಿಗೇ ಬಿತ್ತು.

ಮೇಲಿನ ಆಫೀಸಿಂದ ಲೆಕ್ಕ ನೋಡಲು ಒಬ್ಬರು ಬಂದರು. ಮೊದಲ ದಿನ ಅಪ್ಪನನ್ನು ಏನೂ ಕೇಳಲಿಲ್ಲವಂತೆ. 4,500 ಅನ್ನು ಕಾಗದದ ಮೇಲೆ ಬರೆದು ಒಂಬತ್ತರಿಂದ ಭಾಗಿಸಿದರು. ಶೇಷವಿಲ್ಲದೆ 500. 'ಯಾವುದೋ ರಸೀದಿಯಲ್ಲಿ ಅಂಕಿ ಅದಲು ಬದಲಾಗಿರಬೇಕು' ಅಂದರು. ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ ಅನ್ನುವುದು ಲೆಕ್ಕದವರಿಗೆಲ್ಲ ಗೊತ್ತು. ಬೇರೆ ತಪ್ಪಿನಿಂದಲೂ ಒಂಬತ್ತರ ಗುಣಿತ ಬರಬಹುದು, ಅದೂ ಅವರಿಗೆ ಗೊತ್ತಿತ್ತು. ಹಾಗಾಗಿ ಅಷ್ಟಕ್ಕೇ ಬಿಡದೆ ಎರಡು ಸಂಜೆ ಕೂತು ಒಂದೊಂದು ರಸೀದಿಯನ್ನೂ ಪುಸ್ತಕಕ್ಕೆ ತಾಳೆ ನೋಡಿದರು. ಫೆಬ್ರುವರಿಯ ಒಂದು ಪುಟದಲ್ಲಿ ಸಿಕ್ಕಿತು. ರಸೀದಿ 2,790ಕ್ಕೆ. ಪುಸ್ತಕದಲ್ಲಿ ಜಮಾ 7,290. ಅಪ್ಪನದೇ ಕೈಬರಹ.

ಊರಿನವರು ಅಂದದ್ದೂ 'ಇರಬೇಕು', ಅವರು ಅಂದದ್ದೂ 'ಇರಬೇಕು'. ಅವರ ಊಹೆಗೆ ಒಂಬತ್ತರ ಭಾಗಾಕಾರದ ಕಾರಣ ಇತ್ತು, ಆಮೇಲೆ ಪುಟ ತಿರುಗಿಸುವ ತಾಳ್ಮೆ ಇತ್ತು. ಮೇಷ್ಟ್ರು ಹೇಳಿದ ಊಹ, ಅಪೋಹ ಎರಡನ್ನೂ ನಾನು ಆ ಮೇಜಿನ ಮೇಲೆ ಕಂಡಿದ್ದೇನೆ ಅಂತ ಈಗ ಅನ್ನಿಸುತ್ತಿದೆ. ಮದುವೆ ಆಯಿತು. ಆದರೆ ಅಪ್ಪ ಸಂಜೆ ಹೊತ್ತು ಆ ಹೋಟೆಲ್ಲಿಗೆ ಟೀ ಕುಡಿಯಲು ಹೋಗುವುದನ್ನು ಬಿಟ್ಟವರು ಮತ್ತೆ ಹೋಗಲಿಲ್ಲ. 7,290 ಸಿಕ್ಕಿದ ಸುದ್ದಿ 4,500ರ ಸುದ್ದಿಯಷ್ಟು ದೂರ ಹೋಗಿರಲಿಲ್ಲ.

ಸಾಕ್ಷಿಕಟ್ಟೆ, ಹಾಸನ ಜಿಲ್ಲೆ

ಮೇಡಂ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಲೆಕ್ಕದವರಿಗೂ.

ಪೇಡೆನಗರಿ, ಧಾರವಾಡ (ಈಗ ಮೈಸೂರಾಗ)

ಓದಿ ಕಣ್ಣಾಗ ನೀರು ಬಂತು ಅಕ್ಕಾರ. ಇನ್ನ ಮ್ಯಾಲೆ ನಿಮ್ಮ ಪೇಪರಿನ್ಯಾಗ ಏನ ಮಾಡ್ತೀರಿ ಅದನ್ನ ಹೇಳ್ರಿ.

ಕರಡುತಿದ್ದು, ಬೆಂಗಳೂರು

ಅಪ್ಪ ಈಗಿಲ್ಲ. ನಮಸ್ಕಾರ ಅಮ್ಮನಿಗೆ ಹೇಳಿದೆ.

ಊಹಾಪೋಹವನ್ನು ಹಳೆಯ ಅರ್ಥಕ್ಕೆ ಎಳೆದು ತರುವುದು ಒಂದು ಡೆಸ್ಕಿನಿಂದ ಆಗದು. ನೇರನುಡಿಯವರು ಹೇಳಿದಂತೆ, ಉತ್ತರ ಇನ್ನೂ ಬಾರದ ವಿಷಯಕ್ಕೆ ಮಾತ್ರ ಊಹಾಪೋಹ, ಸುಳ್ಳನ್ನೇ ಸುದ್ದಿ ಮಾಡಿ ಹಬ್ಬಿಸಿದ್ದಕ್ಕೆ ವದಂತಿ ಅಂತ ನಮ್ಮಲ್ಲಿ ಗೊತ್ತು ಮಾಡಿಕೊಂಡೆವು. ಜಾಗ ಉಳಿಸಲು ಒಂದರ ಬದಲು ಇನ್ನೊಂದನ್ನು ಹಾಕುವುದನ್ನು ನಾನು ನಿಲ್ಲಿಸಿದ್ದೇನೆ.

ಆದರೆ ಹುಡುಕುತ್ತಾ ಹೋದಾಗ ಕಂಡದ್ದು ಬೇರೆ. ನಮ್ಮ ಪೇಪರಿನ ದೊಡ್ಡ 'ಅಂತೆ' ಯಾವುದು ಗೊತ್ತಾ? 'ಎನ್ನಲಾಗಿದೆ.' ಊರಿನ ಅಂತೆಯನ್ನಾದರೂ 'ಯಾರು ಹೇಳಿದ್ದು?' ಅಂತ ಎದುರಿಗೇ ಕೇಳಬಹುದು. 'ಎನ್ನಲಾಗಿದೆ' ಅಚ್ಚಾದ ಮೇಲೆ ಯಾರನ್ನು ಕೇಳುವುದು? ಅದಕ್ಕೇ ಸೋಮವಾರದಿಂದ ಪ್ರತಿ 'ಎನ್ನಲಾಗಿದೆ'ಗೂ ಕರಡಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ 'ಯಾರು ಅಂದದ್ದು?' ಎಂದು ಬರೆದು ವರದಿಗಾರರಿಗೆ ವಾಪಸ್ ಕಳಿಸುತ್ತಿದ್ದೇನೆ. ಇವತ್ತು ಜಿಲ್ಲೆಯ ಪುಟದಲ್ಲಿ ಏಳು ಇದ್ದವು. ನಾಲ್ಕಕ್ಕೆ ಹೇಳಿದವರ ಹೆಸರು ಸಿಕ್ಕಿತು. ಎರಡಕ್ಕೆ ಹೇಳಿದವರೇ ಇರಲಿಲ್ಲ, ಸಾಲನ್ನೇ ತೆಗೆದೆವು. ಉಳಿದದ್ದು ಒಂದು ಹಾಸ್ಟೆಲಿನ ಅಡುಗೆಯವರ ಮೇಲಿನ ಕಳ್ಳತನದ ಮಾತು. ವರದಿಗಾರ ಹುಡುಗ ಇನ್ನೂ ಫೋನಿನಲ್ಲಿದ್ದಾನೆ. ಪುಟ ಹೋಗಲು ನಲವತ್ತು ನಿಮಿಷ ಇದೆ.

ಹಳೆಪಾಠಶಾಲೆ, ಮೈಸೂರು

ಅದು ಏನಾಯಿತು, ನಾಳೆ ಬರೆಯಮ್ಮ.